ಸಣ್ಣ ದನಿ

ಗದಗಿನ ಮುಳಗುಂದ ನಾಕಾದಾಗ ನಮ್ಮದು
ಮೋಟರ್ ಸುತ್ತೂ ಅಂಗಡಿ.
ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಬೆಟಗೇರಿ ಮಗ್ಗದ ಮೋಟರು,
ಸುಟ್ಟದ್ದು ಬಿಚ್ಚತೇನಿ, ಹೊಸಾ ತಾಮ್ರ ಸುತ್ತತೇನಿ.
ವಾರ್ನಿಶ್ ವಾಸನಿ ಸೀರೀಗೂ, ಕಲಸಿದ ಹಿಟ್ಟಿಗೂ.

ಜರ್ಮನ್ ದವಾಖಾನಿ ಕ್ವಾರ್ಟರ್ಸಿನ ಹುಡುಗಿ ಅನುಗ್ರಹಾ
ಗಿಟಾರು ಬಗಲಾಗ ಹಿಡಕೊಂಡು ಬಂದಳು.
"ದನಿ ಮಬ್ಬಾಗೇದ ಚಾಚಿ, ಕಂಬಳಿ ಹೊತ್ತು ಹಾಡಿದಂಗ."
ಇದು ನೀರು ಎತ್ತೂದಿಲ್ಲ, ಜ್ವಾಳಾ ಬೀಸೂದಿಲ್ಲ,
ನನಗೇನು ತಿಳೀತದ ಅಂದೆ.
"ಒಳಗ ತಾಮ್ರ ಅದ."

ಖರೇನ ಇತ್ತು.
ತಂತಿ ಕೆಳಗ ಅಯಸ್ಕಾಂತ, ಅದರ ಸುತ್ತಾ
ಕೂದಲಕ್ಕಿಂತ ಸಣ್ಣ ತಾಮ್ರ, ಸಾವಿರಾರು ಸುತ್ತು,
ನನ್ನ ಮೋಟರಿನ ಮೊಮ್ಮಗಳು.
ಅಲ್ಲಿಂದ ವಾಯರು ಪಾಟಿಗೆ, ಪಾಟಿನಿಂದ ಕಂಡೆನ್ಸರಿಗೆ,
ಕಂಡೆನ್ಸರಿನಿಂದ ಅರ್ಥಿಗೆ.

ಮೊದಲ ಯಾರೋ ಕೈ ಹಾಕ್ಯಾರ.
ಬೆಸುಗಿ ನೋಡಿದರ ಹಕ್ಕಿ ಹಿಕ್ಕಿ ಹಾಕಿದಂಗ.
ಎರಡೂವರೆ ಲಕ್ಷ ಓಮ್ ಇರಬೇಕಾದಲ್ಲಿ
ಹಳೇ ಟೇಪ್‌ರೆಕಾರ್ಡರಿನ ಇಪ್ಪತ್ತೈದು ಸಾವಿರ,
ಕಂಡೆನ್ಸರಿನ ಹೊಟ್ಟಿ ಮ್ಯಾಲ ಒಂದು, ಸೊನ್ನಿ, ನಾಕು.

ಕಂಡೆನ್ಸರ್ ಅಂದರ ಗ್ವಾಡ್ಯಾಗಿನ ಸಂದಿ ತಂಗಿ,
ದಪ್ಪ ದನಿ ಅದರಾಗ ಹಿಡಸೂದಿಲ್ಲ.
ಸಣ್ಣ ದನಿ ನುಸುಳಿ ಹೋಗಿ ಮಣ್ಣು ಸೇರತದ.
ಪಾಟು ಆ ಹಾದ್ಯಾಗಿನ ಕಾವಲುಗಾರ.
ಕಾವಲು ಸಡಲಾಗಿ, ಸಂದಿನೂ ಅಗಲಾದರ
ಉಳಿಯೂದು ಬರೇ ಗುಂಯ್.

ಇಷ್ಟು ಹೇಳಿ ನನ್ನ ಬಾಯಿ ನಿಂತಿತು.
ಬಾಗಲದಾಗ ಗೈಬುಸಾಬ ಆರ್ಮೇಚರ್ ಒರಸಾಕತ್ತಿದ್ದ.
ನಲವತ್ತು ವರ್ಷ ಗ್ರೈಂಡರಿನ ಬಾಜೂಕ ಕುಂತ ಕಿವಿ.
ಮೊದಲ ಹೋದದ್ದು ಗುಬ್ಬಿ.
ಆಮ್ಯಾಲ ಕಂಡಕ್ಟರನ ಸೀಟಿ, ಕುಕ್ಕರು,
ಆಮ್ಯಾಲ ನನ್ನ ಬಳಿ.
ಲಾರಿ ಕೇಳತದ, ಗುಡುಗು ಕೇಳತದ,
ನಾ ಒದರಿದ್ದು ಕೇಳೂದಿಲ್ಲ.
ಒದರಿದಷ್ಟೂ ನನ್ನ ದನಿ ಸಣ್ಣಾಗತಿತ್ತು.
ಬೇಕಂತನ ಮಾಡತಾನಂತ
ಎಷ್ಟು ರಾತ್ರಿ ಮಾರಿ ತಿರುವಿ ಮಲಗೇನಿ.

ಪಾಟು ಹುಬ್ಬಳ್ಳಿ ದುರ್ಗದಬೈಲಿನಿಂದ
ಮಂಗಳವಾರದ ಬಸ್ಸಿಗೆ ಬಂತು.
ಸತ್ತ ರೇಡಿಯೋದ್ದೊಂದು ಎರಡು, ಎರಡು, ಮೂರು ಕಿತ್ತಿ ಹಾಕಿದೆ.
ಹಚ್ಚಿದರ ಗೂಂ ಅಂತು.
ತಂತಿ ಮುಟ್ಟಿದರೂ ಗೂಂ, ಬಿಟ್ಟರೂ ಗೂಂ.
ಬ್ರಿಜ್ಜಿನ ಕೆಳಗಿನ ವಾಯರು ಹರದಿತ್ತು.
ಅರ್ಥ್ ಇರಲಾರದ ಎಷ್ಟು ಕೂಗಿದರೇನು?
ಒಂದು ಹನಿ ಬೆಸುಗಿ ಬಿಟ್ಟೆ.
ಹುಡುಗಿ ಬಳ್ಳು ಇಟ್ಟಳು,
ಮನಿ ತುಂಬ ಸುಮ್ಮಗಾತು.

ಆಮ್ಯಾಲ ಬಾರಿಸಿದಳು.
ಹತ್ತರಾಗ ತಗಡಿನ ಮ್ಯಾಲ ಆಣೀಕಲ್ಲು,
ಐದಕ್ಕ ಬೆಲ್ಲದ ಪಾಕ,
ಸೊನ್ನೀಗೆ ಬಂದರ ಹಗೇದಾಗ ಇಳದು ಮಾತಾಡಿದಂಗ.
ಗೈಬುಸಾಬ ಎದ್ದು ಬಂದು ಪೆಟಗಿ ಮ್ಯಾಲ ಅಂಗೈ ಇಟ್ಟ.
ಆಕಿ ಗುಂಡಿ ಆ ತುದಿಯಿಂದ ಈ ತುದಿಗೆ ತಿರುವಿದಳು.
"ಚಲೋ ಅದ," ಅಂದ. "ಒಂದ ನಮೂನಿ ಅದ."
ಹುಡುಗಿ ನನ್ನ ಮಾರಿ ನೋಡಿದಳು.
ನಾ ಇಕ್ಕಳ ಹುಡುಕಾಕತ್ತೆ.

ನೂರಾ ಎಂಬತ್ತು ರೂಪಾಯಿ ಕೊಟ್ಟು ಹ್ವಾದಳು.
ಹಳೇ ಕಂಡೆನ್ಸರು ಇನ್ನೂ ಬೆಂಚಿನ ಮ್ಯಾಲ ಅದ, ಒಗದಿಲ್ಲ.
ಸಂಜೀಕ ಅವನ ಬಾಜೂಕ ಕುಂತೆ,
ದನಿ ಎದಿಗೆ ಇಳಿಸಿ, ಹಗೇದಾಗಿಂದ ಬಂದಂಗ,
ಮೆಲ್ಲಕ ಅಂದೆ: "ಚಾ ಆರಾಕತ್ತೇದ."

"ಒದರತಿ ಯಾಕ," ಅಂದ,
"ಕೇಳತದ."