ಎಕೋ

‘ಎಕೋ ಮಾಡಿಸಬೇಕು, ನದಾಫ ಅವರ’ ಅಂದ್ರು ಡಾಕ್ಟರ್ ಬಾಯಿ.
ನಕ್ಕೆ.
ನಗೀ ಅರ್ಧಕ್ಕ ಕೆಮ್ಮಾತು. ಕೆಮ್ಮು ಮುಗಿಯೂದರಾಗ
ಮುಂದಿನ ನಂಬರಿನವ ಒಳಗ ಬಂದು ಕುಂತಿದ್ದ.

ಮೂವತ್ತೊಂದು ವರ್ಷ ಅದನ್ನ ಮಾಡೀನಿ, ಬಾಯಿ,
ಗೋಳಗುಮ್ಮಟದ ಮ್ಯಾಲ, ಪಿಸುಮಾತಿನ ಗ್ಯಾಲರಿಯಾಗ.
ಸಿಂದಗಿ ಸಾಲಿ ಹುಡುಗೂರು, ಸೊಲ್ಲಾಪುರದ ಹೊಸ ಜೋಡಿ,
ಎಲ್ಲಾರನ್ನೂ ಗ್ವಾಡಿಗೆ ಕಿವಿ ಹಚ್ಚಿ ಕುಂಡ್ರಿಸಿ
ಎದುರಿನ ದಂಡಿಗೆ ಹೋಗಿ ಕಡ್ಡಿ ಗೀರತಿದ್ದೆ.
ಚರ್ರ್ ಅನ್ನೂದು ಗ್ವಾಡಿ ಹಿಡಕೊಂಡು ನಡದು
ಅವರ ಕಿವ್ಯಾಗ ಹತ್ತಿಕೊಳ್ಳತಿತ್ತು.
ಹೌಹಾರತಿದ್ರು. ಅದಕ್ಕ ರೊಕ್ಕ.

ಹತ್ತಿದ ಕಡ್ಡಿ ಸುಮ್ಮ ಆರಸೂದು ಹ್ಯಾಂಗ?
ಗಾದಿ ಹೊಲಿಯೂ ಮನಿ ನಮ್ಮದು,
ಅವ್ವ ಅರಳಿಯ ಒಂದು ಎಳಿ ಬಿಸಾಡದಾಕಿ.
ಅಂಗೈ ಮರಿ ಮಾಡಿ ಬಾಗಲದಾಚೆ ಒಯ್ದು
ಅದ ಕಡ್ಡೀಲೆ ಬೀಡಿ ಹಚ್ಚತಿದ್ದೆ.
ಒಂದು ಗುಂಪಿಗೆ ಒಂದು ಕಡ್ಡಿ, ಕಡ್ಡಿಗೊಂದು ಬೀಡಿ.
ರವಿವಾರಕ್ಕ ಲೆಕ್ಕ ಇಲ್ಲ.

ಕಡೇ ವರ್ಷ ಮಿನಾರದ ಮೂರನೇ ಅಂತಸ್ತಿಗೆ ಕುಂತಬಿಡತಿದ್ದೆ.
‘ಅಜ್ಜಾ, ನೀರ ಬೇಕೇನು?’ ಅಂತ ಪುಗ್ಗಾ ಹಿಡದ ಕೂಸು.
ಹ್ಯಾಂಗೋ ಏರಿ ನನ್ನ ಹೆಸರು ನಾನ ಕೂಗಿದೆ, ದಿನದ ರೂಢಿ.
‘ಲಾಡಲೇ’ ಅನ್ನೂದರಾಗ ಉಸುರು ತೀರಿತು,
‘ಸಾಬ’ ಎದಿಯಾಗ ಉಳೀತು.
ಗುಮ್ಮಟ ಅಷ್ಟನ್ನ ಏಳು ಸಲ ಅಂತು: ಲಾಡಲೇ, ಲಾಡಲೇ...
ಅವ್ವ ಹಾಂಗ ಕರೀತಿದ್ದಳು, ಉಣ್ಣಾಕ.

ಕತ್ತಲ ಕೋಣಿ. ಎದಿಗೆ ತಣ್ಣಂದು ಜೆಲ್ಲಿ.
ಹುಡುಗ ಮಶೀನಿನ ಮೂತಿ ಒತ್ತಿದ:
ಹುಶ್ಶ್, ಹುಶ್ಶ್, ಹುಶ್ಶ್.
ನನ್ನ ಗುಂಡಿಗಿ ನನಗ ಪರಕೀಯ ಅನಿಸಿತು,
ಯಾರೋ ಅರಿವಿ ಒಗಿಯಾಕ ಹತ್ತಿದಾಂಗ.
‘ಬಲಗಡೀ ಖೋಲಿ ಉಬ್ಬೇದ’ ಅಂದ, ನನಗಲ್ಲ, ಪರದೆಗೆ.

ಬಾಯಿ ತಿಳಿಸಿ ಹೇಳಿದ್ರು:
ತೋಳಿಗೆ ಪಟ್ಟಿ ಸುತ್ತಿ ನೋಡೂ ಬಿಪಿ ನಿಮ್ಮದು ಛಲೋ ಅದ.
ಇದು ಬ್ಯಾರೆ. ಪುಪ್ಪುಸದೊಳಗಿನ ನಾಳ ಸಣ್ಣಾಗ್ಯಾವ,
ರಕ್ತ ಹಾಯಸಾಕ ಹೃದಯ ನೂಕತದ, ನೂಕತದ.
ನಾ ಅಂದೆ: ದೀಪಾವಳಿ ಸೂಟ್ಯಾಗ ಮಿನಾರದ ಮೆಟ್ಟಲ!
ಒಬ್ಬರ ಹೋಗೂ ಇಕ್ಕಟ್ಟು, ಏರವರು ಇಳಿಯವರು ಸಿಕ್ಕೊಂಡು,
ಕೆಳಗ ನಿಂತ ವಾಚ್‌ಮನ್ ಮಂದೀನ ಮ್ಯಾಲ ದೂಡಿ ದೂಡಿ
ಸಂಜೀಕ ಅವನ ಕಾಲು ಬಾತು ಚಪ್ಪಲಿ ಸೇರೂದಿಲ್ಲ.
ಬಾಯಿ ಪೆನ್ನು ನಿಲ್ಲಿಸಿ ನನ್ನ ಕಾಲ ನೋಡಿದ್ರು.
ಹೆಬ್ಬೆರಳಲೆ ಒತ್ತಿದ್ರು. ಕುಣಿ ಬಿತ್ತು, ತುಂಬಿಕೊಳ್ಳಲಿಲ್ಲ.

‘ಬೀಡಿ ಬಿಟ್ಟೀರಲಾ?’
‘ಬಿಟ್ಟೇನ್ರಿ.’
ಏಳಾಕ ಹೋದೆ. ಬಕ್ಕಣದಾಗ ಕಡ್ಡಿಪೆಟ್ಟಿಗಿ ಗಲ್ ಅಂತು.
ಅವರು ಬರಕೋತ ತಲಿ ಎತ್ತಲಿಲ್ಲ.
ಕೇಳಿಸೇದ. ನನಗ ಗೊತ್ತಾಗೂದಿಲ್ಲೇನು,
ಯಾರಿಗೆ ಕೇಳಿಸೇದ ಯಾರಿಗಿಲ್ಲ ಅಂತ?

ಈಗ ಮನ್ಯಾಗ ಆಕ್ಸಿಜನ್ ಮಶೀನ್, ಮೂಗಿಗೆ ನಳಿಗಿ.
ಬೆಂಕಿ ಹತ್ತರ ತರಬ್ಯಾಡ್ರಿ ಅಂತ ಚೀಟಿ ಹಚ್ಚ್ಯಾರ.
ಹಾಜರಾಬಿ ಒಲಿ ಹಿತ್ತಲಕ್ಕ ಒಯ್ದಾಳ,
ನನ್ನ ಪೆಟ್ಟಿಗಿ ಎಲ್ಲಿ ಮುಚ್ಚಿಟ್ಟಾಳೋ, ಕೇಳಿಲ್ಲ.
ನಿನ್ನೆ ರಾತ್ರಿ ಕರೆಂಟು ಹೋತು. ಮಶೀನ್ ನಿಂತತು.
ಆ ಕಡೀ ಖೋಲ್ಯಾಗ ಮೇಣಬತ್ತಿ ಹುಡುಕಾಡಿದ ಸಪ್ಪಳ,
ಆಮ್ಯಾಲ
ಚರ್ರ್.

ಗ್ವಾಡಿಗೆ ಕಿವಿ ಹಚ್ಚಿ ಮಲಗಿದ್ದೆ.