ಬಕ್ಕನ್ನೀಸದ ಎಲೆ

ಮೋಜೋ ಪೇಟೆಯ ಗಾರಿಗಳು ಬೆಳಗಿನ ಮಬ್ಬಿನಲ್ಲೇ ಹೊರಡುತ್ತವೆ:
ಟೆಫ್ ಮೂಟೆ, ಇಟ್ಟಿಗೆ, ಮದುವೆಗೆ ಹೊರಟ ಹೆಂಗಸರು,
ಕುದುರೆಗೆ ಎಲ್ಲವೂ ಬರೀ ಭಾರ.
ಲೆಮ್ಮೆಸಾನ ಕುದುರೆ ಡಾಮಾ, ಇಟ್ಟಿಗೆಯದೇ ಬಣ್ಣ.
ಕುದುರೆಯ ಹೆಸರಲ್ಲೇ ಊರು ಅವನನ್ನು ಕರೆಯುತ್ತದೆ
ಅಬ್ಬಾ ಡಾಮಾ. ಡಾಮಾನ ಅಪ್ಪ.
ಅವನ ಮಕ್ಕಳ ಹೆಸರು ನಾನು ಕೇಳಲಿಲ್ಲ.

ಮುಂಗಾಲಿನುದ್ದಕ್ಕೂ ಗಂಟು, ಗಂಟಿನ ಮೇಲೆ ಗಂಟು,
ಚರ್ಮದೊಳಗೆ ಯಾರೋ ಮಣಿ ಪೋಣಿಸಿದಂತೆ.
ಒಡೆದಲ್ಲಿ ಜೇನಿನಂಥ ಕೀವು.
ಬೂಷ್ಟು ರೋಗ, ಅಂದೆ.
ಬೂಷ್ಟು ರೊಟ್ಟಿಗೆ ಹಿಡಿಯುತ್ತದೆ, ಗೋಡೆಗೆ ಹಿಡಿಯುತ್ತದೆ,
ನಡೆದಾಡುವ ಜೀವಕ್ಕೂ ಹಿಡಿಯುತ್ತದೆಯೇ, ಅಂದ.
ಹತ್ತಿಯಲ್ಲಿ ಒತ್ತಿಕೊಂಡೆ.
ಡಾಮಾ ಒಂದು ಕಿವಿಯನ್ನಷ್ಟೇ ಅಲುಗಿಸಿತು.

ಬಿಷೋಫ್ತುವಿನ ಲ್ಯಾಬಿನಲ್ಲಿ ನಾನು ಎಲೆಯ ಕೆಲಸದವಳು.
ಹಣ್ಣೆಲೆ ಬೇಡ, ಚಿಗುರೂ ಬೇಡ, ನಡುಪ್ರಾಯದ್ದು ಬೇಕು;
ನೆರಳಲ್ಲಿ ಹದಿನೈದು ದಿನ ಒಣಗಿಸಿ
ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಸೋಸಿ...
ಒಲೆಯಿಂದ ತಪ್ಪಿಸಿಕೊಂಡು ಓದಿದ್ದು ಇದಕ್ಕೇನೇ
ಎಂದು ಅಮ್ಮ ಫೋನಿನಲ್ಲಿ ನಗುತ್ತಾಳೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೂ
ಮದ್ದೇ ಮದ್ದು ಎಂದು ಎದೆ ತಟ್ಟುವವರಿಗೂ
ಇಲ್ಲಿ ಒಂದೇ ತಟ್ಟೆ.
ಅಂಗೈಯಗಲದ ಗಾಜು, ಹೆಪ್ಪುಗಟ್ಟಿದ ಅಗಾರ್,
ಅದರ ಮೇಲೆ ಸವರಿದ ಡಾಮಾನ ಗಾಯ,
ಗಾಯದ ನಡುವೆ ಎಲೆಸಾರ ಕುಡಿದ ಕಾಗದದ ಬಿಲ್ಲೆ.
ಬ್ಯಾಕ್ಟೀರಿಯಾಕ್ಕೆ ಅವಸರ, ಒಂದು ರಾತ್ರಿಯಲ್ಲಿ ತಟ್ಟೆ ಮಂಜಾಗುತ್ತದೆ.
ಬೂಷ್ಟಿಗೆ ಆತುರವಿಲ್ಲ.
ನಾಲ್ಕು ವಾರ. ಕೆಲವೊಮ್ಮೆ ಆರು.
ಆ ಆರು ವಾರವೂ ಡಾಮಾ ಇಟ್ಟಿಗೆ ಎಳೆಯುತ್ತಿತ್ತು.

ನೀರಿನ ಸಾರ: ಸೊನ್ನೆ.
ಇನ್ನೊಮ್ಮೆ ನೀರು: ಇನ್ನೊಂದು ಸೊನ್ನೆ.
ಕರೆಯದೆ ಬಂದ ನೆಂಟ ಚಾಪೆಯ ಮೇಲೆ ಕೂತಂತೆ
ಬೂಷ್ಟು ಬಿಲ್ಲೆಯ ಮೇಲೇ ಹತ್ತಿ ಕೂತಿತ್ತು.

ಮರ ತೋರಿಸಿಕೊಟ್ಟ ಜಿಫಾರೆ ಅಜ್ಜಿಯ ಬಳಿ ಹೋದೆ.
ಕಾಫಿ ಬೀಜ ಹುರಿಯುತ್ತಿದ್ದವಳು ಕೈ ನಿಲ್ಲಿಸದೆ ನಕ್ಕಳು.
'ನೀರೇ? ನೀರಲ್ಲಿ ಯಾರಾದರೂ ಅರೆಯುತ್ತಾರೆಯೇ?
ಅರಕೆಯಲ್ಲಿ ಅಂದಿದ್ದೆ. ನೀನು ಬರೆದುಕೊಂಡೆ.'
ಪುಸ್ತಕ ತೆರೆದರೆ 'ದ್ರವದಲ್ಲಿ' ಎಂದಿತ್ತು, ನನ್ನದೇ ಅಕ್ಷರ.
ಸರ್ಕಾರಿ ಕಾಗದದ ಮೇಲೆ ಸಾರಾಯಿಯ ಹೆಸರು ಬರೆಯಲು
ಅಂದು ನಾಚಿದ್ದೆ.

ಅರಕೆಯ ಸಾರ: ಹದಿನಾಲ್ಕು ಮಿಲಿಮೀಟರ್.
ಬಿಲ್ಲೆಯ ಸುತ್ತ ಉಂಗುರ, ಉಂಗುರದೊಳಗೆ ಏನೂ ಬೆಳೆಯದ ಬಯಲು.
ಮೂರು ಸಲ ಅಳೆದೆ, ಕಿಟಕಿಯ ಬೆಳಕಿಗೆ ಒಯ್ದು ಇನ್ನೊಮ್ಮೆ.
ಡಾಕ್ಟರ್ ಅಸ್ರಾತ್ ಕನ್ನಡಕ ಏರಿಸಿ ಕೇಳಿದ್ದು ಒಂದೇ:
'ಬರೀ ಅರಕೆಯನ್ನು ಇಟ್ಟು ನೋಡಿದೆಯಾ?'

ಇಟ್ಟೆ. ಮತ್ತೆ ನಾಲ್ಕು ವಾರ. ಒಂಬತ್ತು.
ಈಗ ಲೆಕ್ಕ ಹೀಗೆ: ಹದಿನಾಲ್ಕರಲ್ಲಿ
ಆರು ಕಾಗದದ್ದು, ಮೂರು ಸಾರಾಯಿಯದು,
ಉಳಿದ ಐದು ಎಲೆಯದು.
ಅಜ್ಜಿ ಸುಳ್ಳು ಹೇಳಿರಲಿಲ್ಲ.
ಇಷ್ಟು ಎಂದೂ ಹೇಳಿರಲಿಲ್ಲ.

ಸೀಸೆಯೊಂದನ್ನು ಚೀಲದಲ್ಲಿಟ್ಟು ಮೋಜೋಕ್ಕೆ ಹೋದಾಗ
ಲೆಮ್ಮೆಸಾ ಮೂಟೆಗಳನ್ನು ಬೆನ್ನ ಮೇಲೆ ಹೊರುತ್ತಿದ್ದ.
'ಹೆದ್ದಾರಿಯ ಬದಿ ಬಿಟ್ಟುಬಂದೆ, ರಾತ್ರಿ.
ಎಲ್ಲರೂ ಹಾಗೇ ಮಾಡುವುದು. ಲಗಾಮು ಬಿಚ್ಚಿಕೊಂಡೆ.'
ಆ ಕಡೆ ಕತ್ತೆಕಿರುಬ ಬಹಳ. ಅದನ್ನು ಇಬ್ಬರೂ ಹೇಳಲಿಲ್ಲ.
ಅಷ್ಟರಲ್ಲಿ ಯಾರೋ ಕೂಗಿದರು, ಅಬ್ಬಾ ಡಾಮಾ, ಈ ಮೂಟೆ ಇತ್ತ!
ಓಗೊಟ್ಟ.

ಹೊತ್ತು ಬಂದು ಕೇಳಿದ: 'ಎಲೆ ಏನಂತು?'
ಐದು ಮಿಲಿಮೀಟರ್, ಅಂದೆ.
ಅದೆಷ್ಟೆಂದು ಅವನಿಗೆ ತಿಳಿಯಲಿಲ್ಲ.
ಮೂಟೆಯ ಹೊಲಿಗೆಯಿಂದ ಟೆಫ್ ಕಾಳು ಉದುರಿಸಿಕೊಂಡು
ಅವನ ಅಂಗೈಯ ಮೇಲೆ ಐದನ್ನು ಸಾಲಾಗಿಟ್ಟು ತೋರಿಸಿದೆ.
ಬಹಳ ಹೊತ್ತು ನೋಡಿದ. ಗಾಳಿ ಬೀಸಿದಾಗ
ಇನ್ನೊಂದು ಕೈ ಅಡ್ಡ ಹಿಡಿದ.

ಆಮೇಲೆ ಗದ್ದದಿಂದಲೇ ಆಚೆ ತೋರಿಸಿದ:
ಯಾರದೋ ಹೇಸರಗತ್ತೆ, ಮುಂಗಾಲಿನಲ್ಲಿ
ಒಂದು ಗಂಟು. ಒಂದೇ ಒಂದು.
ಚೀಲದಲ್ಲಿ ಹತ್ತಿ ಹುಡುಕಿದೆ.