ಹುಣ್ಣಿಮೆಗೆ ಸೊನ್ನೆ

ಕಿಸುಮುವಿನಲ್ಲಿ ಶನಿವಾರ ಕರೆಂಟು ಹೋಗುವುದು
ಮಧ್ಯಾಹ್ನ ಎರಡಕ್ಕೆ, ಸರಿಯಾಗಿ ನಮ್ಮ ಸಂಘ ಸೇರುವ ಹೊತ್ತಿಗೆ.
ಹಾಗಾಗಿ ಮೊದಲ ನಿಯಮ: ಬ್ಯಾಟರಿ ತುಂಬಿಸಿಕೊಂಡು ಬನ್ನಿ.
ಎರಡನೆಯದು: ಸಮೋಸಾ ದುಡ್ಡು ವಸೊಂಗನ ಕೈಗೆ ಕೊಡಬೇಡಿ.

ನಾನು ಮುಂಬುವಾ, ಕಾರ್ಯದರ್ಶಿ.
ಮಚಾಕೋಸ್ ಕಡೆಯವಳು, ಇಲ್ಲಿಯ ಲುವೊ ಮಾತು ಅರ್ಧಂಬರ್ಧ.
ಅಕ್ಷರ ದುಂಡಗಿದೆ ಅಂತ ದಾಖಲೆ ಪುಸ್ತಕ ನನ್ನ ತಲೆಗೆ ಕಟ್ಟಿದರು.
ಬರೆದಿದ್ದೇನೆ ಅದರಲ್ಲಿ:
ಮಾರ್ಚ್ ಎಂಟು, ಹೊಸಬರಿಗೆ ಪಾಠ. ಬಂದವರು ನಲವತ್ತೊಂದು,
ಸಮೋಸಾ ಮುಗಿದ ಮೇಲೆ ಉಳಿದವರು ಒಂಬತ್ತು.
ಮಾರ್ಚ್ ಇಪ್ಪತ್ತೆರಡು, ಎಲ್ಡೊರೆಟ್‌ನವರ ಜೊತೆ ಪಂದ್ಯ. ಸೋತೆವು.
ಕಾರಣ, ಚೆಬೆಟ್ ಬರೆಸಿದಂತೆ: ಒಂದು ಸೆಮಿಕೋಲನ್.

ಏಪ್ರಿಲ್‌ನಲ್ಲಿ ಊಟದ ಹಾಲಿನಲ್ಲಿ ಹಗಲುರಾತ್ರಿಯ ಸ್ಪರ್ಧೆ.
ನಾವು ಎತ್ತಿಕೊಂಡದ್ದು ಒಮೆನ ಮೀನು:
ಕಿರುಬೆರಳಿನಷ್ಟು ಬೆಳ್ಳಿ. ದಂಡೆಯಲ್ಲಿ ಬಲೆ ಹಾಸಿ ಹರವಿದರೆ
ಬಿಸಿಲಿಗೆ ಕಣ್ಣು ಕುಕ್ಕುತ್ತದೆ.
ನಾಳೆ ಎಷ್ಟು ಬರುತ್ತದೆ, ಡಬ್ಬಕ್ಕೆ ಏನು ಬೆಲೆ,
ನಮ್ಮ ಪ್ರೋಗ್ರಾಂ ಇವತ್ತೇ ಹೇಳಬೇಕು.
ಡುಂಗಾ ದಂಡೆಯ ತೂಕದ ಮನೆಯಿಂದ ಮೂರು ವರ್ಷದ ಲೆಕ್ಕ ತಂದು
ಚೆಬೆಟ್ ಓದಿದಳು, ನಾನು ಕುಟ್ಟಿದೆ,
ಒಮೊಲೊ ಕುರ್ಚಿಯಲ್ಲೇ ಗೊರಕೆ ಹೊಡೆದ.

ನೆಟ್ಟಗೆ ಬರುತ್ತಿದ್ದ ಸಾಲಿನಲ್ಲಿ ಇದ್ದಕ್ಕಿದ್ದಂತೆ ಸೊನ್ನೆ.
ಮಾರನೆಯ ದಿನ ಸೊನ್ನೆ. ನಾಲ್ಕೈದು ದಿನ ಬರೀ ಸೊನ್ನೆ.
ಮುಂದಿನ ತಿಂಗಳೂ ಹಾಗೇ.
“ಗುಮಾಸ್ತ ಕುಡಿದು ಮಲಗಿರಬೇಕು,” ಅಂದ ವಸೊಂಗ.
ರಾತ್ರಿ ಮೂರು ಗಂಟೆ, ಕಣ್ಣಲ್ಲಿ ಮರಳು ಹೊಯ್ದಂತೆ,
ಯಾರಿಗೆ ಬೇಕು ವಿಚಾರಣೆ?
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಸೊನ್ನೆಗಳನ್ನೆಲ್ಲ ಆರಿಸಿ ಎಸೆದೆವು.
ಗೆರೆ ಎಷ್ಟು ನಯವಾಯಿತೆಂದರೆ
ಚೆಬೆಟ್ ಅದರ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು.

ಎರಡನೆಯ ಬಹುಮಾನ ಬಂತು: ನಾಲ್ಕು ಟೀ ಶರ್ಟು,
ಎಲ್ಲವೂ ಒಂದೇ ಅಳತೆ, ಒಮೊಲೊನ ಅಳತೆಯಲ್ಲ.

ಮೇ ತಿಂಗಳು, ರಿಪೇರಿ ಶನಿವಾರ.
ಯಾರು ಬೇಕಾದರೂ ಬರಬಹುದು, ಕೆಟ್ಟದ್ದು ಏನಾದರೂ ತರಬಹುದು.
ರೇಡಿಯೊ ಬಂತು, ಪಾದ್ರಿಯ ಮೈಕು ಬಂತು,
ಮಿನ್ ಅಪೊಂಡಿ ಬಂದಳು, ಮಾತು ಕೇಳಿಸದ ಫೋನು ಹಿಡಿದು.
ರಂಧ್ರದ ತುಂಬ ಮೀನಿನ ಹೊಟ್ಟು.
ವಸೊಂಗ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತ, ಸುಮ್ಮನಿರಲಾರದೆ,
ನಮ್ಮ ಜಾಣ ಯಂತ್ರವನ್ನು ತೆರೆದು ತೋರಿಸಿದ:
“ನೋಡಮ್ಮಾ, ನಾಳೆ ನಿಮ್ಮ ದಂಡೆಗೆ ಇನ್ನೂರೆಂಬತ್ತು ಡಬ್ಬ.”

“ನಾಳೆಯಾ?” ಅವಳು ಬಾಯಿಗೆ ಸೆರಗಿನಂತೆ ಕೈ ಅಡ್ಡವಿಟ್ಟು ನಕ್ಕಳು.
“ನಾಳೆ ದೋಣಿಯೇ ಇಳಿಯುವುದಿಲ್ಲ.”
ಆಮೇಲೆ ನನಗೆ ತಿಳಿಯಲೆಂದು ಸ್ವಾಹಿಲಿಯಲ್ಲಿ, ನಿಧಾನವಾಗಿ:
ಕತ್ತಲಿದ್ದರೆ ತಾನೆ ಒಮೆನ ದೀಪಕ್ಕೆ ಬರುವುದು?
ಮೇಲೆ ಅಷ್ಟು ದೊಡ್ಡದು ಹಚ್ಚಿಟ್ಟಿರುವಾಗ
ನನ್ನ ಗಂಡನ ಲಾಂದ್ರವನ್ನು ಯಾವ ಮೀನು ಮೂಸುತ್ತದೆ?
ಹುಣ್ಣಿಮೆ, ಮಗಳೇ.
ಈ ನಾಲ್ಕು ದಿನ ಬಲೆ ಹೊಲಿಯುತ್ತೇವೆ, ಸಾಲ ಕೇಳುತ್ತೇವೆ,
ಗಂಡಸರು ಮನೆಯಲ್ಲೇ ಬಿದ್ದುಕೊಂಡು ಜಗಳ ತೆಗೆಯುತ್ತಾರೆ.
ಅದನ್ನೆಲ್ಲ ಎಲ್ಲಿಟ್ಟಿದ್ದೀರಿ ಇದರಲ್ಲಿ?

ಎರಡು ಗಂಟೆಯಾಗಿತ್ತು. ಫ್ಯಾನು ನಿಂತಿತು.
ಎಸೆಯುವ ಮೊದಲು ಒಂದು ಪ್ರತಿ ಇಟ್ಟಿದ್ದೆವಾ, ಕೇಳಿದೆ.
ವಸೊಂಗ ಚಾವಣಿ ನೋಡಿದ.

ದುಡ್ಡು ಬೇಡವೆಂದರೂ ಕೇಳದೆ
ಪತ್ರಿಕೆಯಲ್ಲಿ ಕಟ್ಟಿದ ಒಣಮೀನು ಕೀಲಿಮಣೆಯ ಮೇಲಿಟ್ಟು ಹೋದಳು.
ವಾರವಿಡೀ ಕೋಣೆ ನಾರಿತು.

ರಾತ್ರಿ ಹಾಸ್ಟೆಲ್ ತಾರಸಿಗೆ ಒಬ್ಬಳೇ ಹತ್ತಿದೆ.
ಬೇರೆ ದಿನ ಸರೋವರದ ಮೇಲೆ ನೂರಾರು ಲಾಂದ್ರ,
ಇನ್ನೊಂದು ಕಿಸುಮು ತೇಲಿಬಿಟ್ಟ ಹಾಗೆ.
ಅವತ್ತು ಒಂದೂ ಇಲ್ಲ. ನೀರು ಉದ್ದಕ್ಕೂ ಬೆಳ್ಳಗೆ.
ಎರಡು ವರ್ಷದಿಂದ ಇದೇ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೇನೆ.

ಕೆಳಗಿಳಿದು ಬರೆದೆ:
ಸೊನ್ನೆಗಳನ್ನು ವಾಪಸು ತರುವುದೆಂದು ತೀರ್ಮಾನ.
ಸೋಮವಾರ ಡುಂಗಾಕ್ಕೆ, ಲೆಕ್ಕದ ಪುಸ್ತಕ ಮತ್ತೆ ಮೊದಲಿಂದ.
ಈ ಸಲ ಓದುವವನು ಒಮೊಲೊ.
ಹಾಜರಿ ಐದು, ಮಿನ್ ಅಪೊಂಡಿಯನ್ನೂ ಸೇರಿಸಿ.
ಸಮೋಸಾ ಇರಲಿಲ್ಲ.